ತಾನಾಗಿ ಮರಳಿದ ಸಂಪರ್ಕ

"ನಾನೇ ಮುಚ್ಚಿದ್ದು, ಎಜೆ. ಆಮೇಲೆ ನಾನೇ ತೆರೆದೆ. ಬರ್ಕೊಂಡಿದೀರಲ್ಲ, ಮತ್ತೆ ಯಾಕೆ ಕೇಳ್ತೀರಿ?"

ಮೆದೆರ್ ಅಷ್ಟು ಹೇಳಿ ಲಾಕಪ್ಪಿನ ಗೋಡೆಯ ಕಡೆ ತಿರುಗಿ ಕೂತ. ಒಡಹುಟ್ಟಿದ ಅಕ್ಕನನ್ನು ಕರೆದ ಹಾಗೆ ಎಜೆ ಎಂದು ಕರೆಯುತ್ತಾನೆ, ಅದೇ ಬಾಯಲ್ಲಿ ಹಸಿ ಸುಳ್ಳು ಹೇಳುತ್ತಾನೆ. ತನಿಖಾಧಿಕಾರಿ ಬುರುಲ್ ಸಪರೊವಾಗೆ ಮೈಯೆಲ್ಲ ಉರಿಯಿತು. ಕೊಲೆಗಾರರ ಬಾಯಿ ಬಿಡಿಸುವುದರಲ್ಲೇ ಅರ್ಧ ಆಯುಷ್ಯ ಕಳೆದವಳು ಅವಳು. ಮಾಡದ ತಪ್ಪನ್ನು ಮೈಮೇಲೆ ಎಳೆದುಕೊಂಡು ಕೂತವನ ಬಾಯಿ ಮುಚ್ಚಿಸುವ ಕೆಲಸ ಇದೇ ಮೊದಲು.

ಮೇಲಿನ ಹಿಮದ ಕೆರೆ ಒಡೆದು ಕೊಕ್-ಜರ್ ಹಳ್ಳಿಯ ಕೆಳಬೀದಿಯೇ ಕೊಚ್ಚಿಹೋಗಿತ್ತು. ಹನ್ನೊಂದು ಜನ ಸತ್ತಿದ್ದರು. ಎಚ್ಚರಿಸಬೇಕಾಗಿದ್ದ ಸೈರನ್ ಬಾಯಿ ಬಿಟ್ಟದ್ದು ನೀರು ಬೀದಿಗೆ ನುಗ್ಗಿದ ಮೇಲೆ. ಕೆರೆಗೂ ಸೈರನ್ನಿಗೂ ನಡುವಿನ ರೇಡಿಯೋ ಲಿಂಕನ್ನು ಅಷ್ಟು ಹೊತ್ತು ಯಾರೋ ಮುಚ್ಚಿದ್ದರು.

ಸತ್ತವರಲ್ಲಿ ಹೆಚ್ಚಿನವರು ಹೆಂಗಸರು. ಮೇಲಿನ ಹುಲ್ಲುಗಾವಲಿನಲ್ಲಿ ಮದುವೆಯ ಔತಣ, ಕುದುರೆಯಾಟ. ಗಂಡಸರು, ಮಕ್ಕಳು, ನೆಂಟರು ಬಹುಪಾಲು ಅಲ್ಲಿದ್ದರು. ಈ ಹೆಂಗಸರು ಅವರ ಹೊಟ್ಟೆ ತುಂಬಿಸಲೆಂದು ಕೆಳಬೀದಿಯ ಅಡುಗೆಮನೆಗಳಲ್ಲಿ ಬೌರ್ಸೋಕ್ ಎಂಬ ಹಿಟ್ಟಿನ ಕಜ್ಜಾಯ ಕರಿಯುತ್ತ ನಿಂತಿದ್ದರು. ಕೆಸರಿನಲ್ಲಿ ಮೊದಲು ಸಿಕ್ಕಿದ್ದು ಎಣ್ಣೆಯ ಬಾಣಲೆಗಳು, ಆಮೇಲೆ ಅವರು.

"ಸೈರನ್ ಕೂಗಿದಾಗ ಎಲ್ಲಿದ್ದೆ ನೀನು?" ಎಂದಳು ಬುರುಲ್.

"ಆಫೀಸಲ್ಲಿ. ಲಿಂಕ್ ತೆರೀತಿದ್ದೆ."

"ಸುಳ್ಳು ಹೇಳೋದಾದ್ರೆ ಸರಿಯಾಗಿ ಹೇಳೋ. ಸೊಂಟದ ಮಟ್ಟ ನೀರಲ್ಲಿ ನಿಂತು ಯಾರದೋ ಮಗೂನ ಮೇಲಕ್ಕೆ ಎತ್ತಿ ಕೊಡ್ತಿದ್ದೆ. ಆ ಹೊತ್ತಿಗೇ ಸೈರನ್ ಕೂಗಿದ್ದು. ಆ ಮಗುವಿನ ತಾತ ನನ್ನ ಕೈ ಹಿಡ್ಕೊಂಡು ಅತ್ತು ಹೇಳಿದಾನೆ."

ಮೆದೆರ್ ಕಬ್ಬಿಣದ ಕಂಬ ಹತ್ತಿ ಹತ್ತಿ ಒಡೆದುಹೋದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದ. ಕೆರೆಯ ಕಾವಲು ಕಚೇರಿಯಲ್ಲಿ ಅವನ ಕೆಲಸ ಅದೇ: ಕಂಬ ಹತ್ತುವುದು, ಆಂಟೆನಾ ತಿರುಗಿಸುವುದು, ಬ್ಯಾಟರಿ ಹೊರುವುದು. ಕಂಪ್ಯೂಟರಿನ ಕೆಲಸವೆಲ್ಲ ಅವನ ಮಾವ ತೊಲೊಗೊನನದು. ಮಾವನೇ ಏನೋ ಎಡವಟ್ಟು ಮಾಡಿದ್ದಾನೆಂದು ಅಳಿಯ ಹೆದರಿದ್ದಾನೆ, ಅದಕ್ಕೇ ತಲೆ ಕೊಡಲು ಹೊರಟಿದ್ದಾನೆ ಎಂಬುದು ಬುರುಲ್‌ಗೆ ಮೊದಲ ದಿನವೇ ಹೊಳೆದಿತ್ತು.

ಹೊಳೆದರೆ ಸಾಕೇ? ಸಹಿ ಹಾಕಿದ ತಪ್ಪೊಪ್ಪಿಗೆ ಮೇಲಿನವರ ಕೈ ಸೇರಿತ್ತು. ಸಂಜೆ ಜಿಲ್ಲಾ ಕೇಂದ್ರದ ವ್ಯಾನು ಬಂದು ಇವನನ್ನು ಒಯ್ಯುತ್ತದೆ. ಅಲ್ಲಿಗೆ ಹೋದ ತಪ್ಪೊಪ್ಪಿಗೆ ತಿರುಗಿ ಬಂದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ. ಹನ್ನೊಂದು ಹೆಣಗಳ ಲೆಕ್ಕ ಇವನ ತಲೆಗೆ ಕಟ್ಟಿದರೆ ಮುಗಿಯಿತು, ಮೆದೆರ್ ಮುದುಕನಾಗಿಯೇ ಹೊರಗೆ ಬರಬೇಕು. ಪೋಲೀಸ್ ಠಾಣೆಯ ಮೆಟ್ಟಿಲ ಮೇಲೆ ಅವನ ಹೆಂಡತಿ ಊಟದ ಗಂಟು ಹಿಡಿದು ಬೆಳಗಿನಿಂದ ಕೂತಿದ್ದಳು. ಬುರುಲ್ ಅವಳ ಮುಖ ನೋಡದೆ ದಾಟಿಕೊಂಡು ಹೋಗಿ ಜೀಪು ಹತ್ತಿದಳು.

ಜೀಪು ಓಡಿಸಿದವನು ಲೆಫ್ಟಿನೆಂಟ್ ಕುತ್ಮಾನ್. ಈ ತನಿಖೆಯ ಉದ್ದಕ್ಕೂ ಅವಳ ಬಲಗೈ ಅವನೇ. ಠಾಣೆಯ ಕಂಪ್ಯೂಟರು, ರೇಡಿಯೋ, ಜೀಪು ಎಲ್ಲ ಅವನ ಕೈಯಲ್ಲೇ. ಪ್ರವಾಹದಲ್ಲಿ ಅವನ ಅತ್ತಿಗೆಯೂ ಹೋಗಿದ್ದಳು, ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ಅಂದಿನಿಂದ ಅವನು ತುತ್ತು ನುಂಗಿದ್ದನ್ನು ಯಾರೂ ನೋಡಿರಲಿಲ್ಲ. ರಜೆ ಹಾಕಿ ಮನೆಯಲ್ಲಿರು ಎಂದು ಬುರುಲ್ ಗದರಿದರೂ ಕೇಳದೆ ಕೆಲಸಕ್ಕೆ ಬರುತ್ತಿದ್ದ. ಬಂದವನು ಕೇಳಿದ್ದಕ್ಕೆ ಹೌದು, ಇಲ್ಲ ಎನ್ನುವುದು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ತೊಲೊಗೊನನ ಅಂಗಳದಲ್ಲಿ ಸಾವಿಗೆಂದು ಹಾಕಿದ ಯುರ್ತಾ ಗುಡಾರ ಇನ್ನೂ ನಿಂತಿತ್ತು. ಮುದುಕನ ಹೆಂಡತಿಯೂ ಅಡುಗೆಗೆಂದು ಹೋದವಳು. ಕಂಬಳಿಯ ಗೋಡೆಯಾಚೆ ಹೆಂಗಸರು ಸತ್ತವಳ ಗುಣ ಹಾಡಿಕೊಂಡು ಅಳುತ್ತಿದ್ದರು. ಕುತ್ಮಾನ್ ಜೀಪಿನಿಂದ ಇಳಿಯಲಿಲ್ಲ. ಬುರುಲ್ ಒಳಗೆ ಹೋಗಿ ದುಃಖದ ಮಾತಾಡಿ, ಉಪ್ಪು ಹಾಕಿದ ಹಾಲಿನ ಚಹಾ ಕುಡಿದು, ಮುದುಕನನ್ನು ಎಬ್ಬಿಸಿ ಹಿತ್ತಲಿನಲ್ಲೇ ಇದ್ದ ಕೆರೆಯ ಕಾವಲು ಕಚೇರಿಗೆ ಕರೆದುಕೊಂಡು ಹೋದಳು.

"ಅಕ್ಸಕಾಲ್," ಎಂದಳು, ಊರ ಹಿರಿಯರನ್ನು ಕರೆಯುವ ಹಾಗೆ. "ನನಗೆ ಇದೆಲ್ಲ ತಲೆಬುಡ ಗೊತ್ತಾಗಲ್ಲ. ಸಣ್ಣ ಮಕ್ಕಳಿಗೆ ಹೇಳೋ ಹಾಗೆ ಹೇಳಿ. ನಿಮ್ಮ ಅಳಿಯ ಹೋಗಿಬಿಡ್ತಾನೆ ಇವತ್ತು."

ಮುದುಕ ಗಡ್ಡ ನೀವಿಕೊಂಡು ಹೇಳತೊಡಗಿದ. ಕೆರೆಯ ದಂಡೆಯ ತಗಡಿನ ಗುಡಿಸಲಿನಲ್ಲಿ ಒಂದು ಕಂಪ್ಯೂಟರು, ಇಲ್ಲೊಂದು. ನಡುವೆ ರೇಡಿಯೋ ಲಿಂಕ್. ಮೇಲಿನದು ನೀರಿನ ಮಟ್ಟ ನೋಡುತ್ತ ಕ್ಷೇಮ, ಕ್ಷೇಮ ಎಂದು ಇಲ್ಲಿಗೆ ಹೇಳುತ್ತಿರುತ್ತದೆ. ಆ ಮಾತು ನಿಂತರೂ ಸೈರನ್ ಕೂಗಬೇಕು, ನೀರು ಕುಸಿದರೂ ಕೂಗಬೇಕು. ಹಾಗೆಂದು ಅವನೇ ಸ್ಕ್ರಿಪ್ಟ್ ಬರೆದಿದ್ದ. ಸ್ಕ್ರಿಪ್ಟ್ ಎಂದರೆ ಮತ್ತೇನಲ್ಲ, ಕಂಪ್ಯೂಟರಿಗೆ ಕೊಡಬೇಕಾದ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟದ್ದು. ಮನುಷ್ಯ ಮಲಗಿದ್ದರೂ ಅದು ತನ್ನ ಪಾಡಿಗೆ ಒಂದೊಂದಾಗಿ ನಡೆಸುತ್ತದೆ, ಲಿಂಕ್ ಮುಚ್ಚುತ್ತದೆ, ತೆರೆಯುತ್ತದೆ, ಬಿದ್ದರೆ ಎಬ್ಬಿಸುತ್ತದೆ.

ಆದರೆ ಗಾಳಿ ಬೀಸಿದರೂ ಲಿಂಕ್ ಬೀಳುತ್ತಿತ್ತು, ಸೈರನ್ ಕೂಗುತ್ತಿತ್ತು. ಊರಿನವರು ಹಿಡಿಶಾಪ ಹಾಕುತ್ತಿದ್ದರು. ರಿಪೇರಿಗೆಂದು ಮುಚ್ಚಿದರೂ ಕೂಗಿದರೆ ಹೇಗೆ? ಅದಕ್ಕೇ ತೊಲೊಗೊನ್ ಇನ್ನೊಂದು ಸಾಲು ಸೇರಿಸಿದ್ದ: ಲಿಂಕ್ ತಾನಾಗಿ ಬಿದ್ದರೆ ಕೂಗು, ನಮ್ಮವರೇ ಕಮಾಂಡ್ ಕೊಟ್ಟು ಮುಚ್ಚಿದ್ದರೆ ಸುಮ್ಮನಿರು.

"ಅವತ್ತು ಕೂಗ್ಲಿಲ್ಲ," ಎಂದ ಮುದುಕ. "ಅಂದ್ರೆ ಗಾಳಿಗೆ ಬಿದ್ದಿದ್ದಲ್ಲ ಮಗಳೇ. ಯಾರೋ ಮುಚ್ಚಿದಾರೆ. ಬೇಕು ಅಂತಲೇ ಮುಚ್ಚಿದಾರೆ."

"ಈ ಕಚೇರಿಗೆ ಬೀಗ ಹಾಕಿತ್ತು. ಬೀಗದ ಕೈ ನಿಮ್ಮ ಕೊರಳಲ್ಲಿತ್ತು. ನೀವು ಹುಲ್ಲುಗಾವಲಲ್ಲಿ ಮದುಮಕ್ಕಳನ್ನ ಹರಸ್ತಾ ಕೂತಿದ್ರಿ, ಊರೇ ನೋಡಿದೆ."

"ಮುಚ್ಚಕ್ಕೆ ಈ ರೂಮಿಗೇ ಬರಬೇಕಾಗಿಲ್ಲ. ಪಾಸ್‌ವರ್ಡ್ ಗೊತ್ತಿದ್ರೆ ಇನ್ನೊಂದು ಕಂಪ್ಯೂಟರಿಂದ್ಲೂ ಆಗುತ್ತೆ. ಆಸ್ಪತ್ರೆ, ಸ್ಕೂಲು, ನಿಮ್ಮ ಠಾಣೆ, ಎಲ್ಲಾ ಒಂದೇ ತಂತಿ ಮೇಲೆ ಕೂತಿದಾವೆ."

"ತೆರೆದದ್ದು?"

ಮುದುಕ ಮೊದಲ ಬಾರಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಆಮೇಲೆ ಹೇಳಿದ್ದೇ ಅವಳಿಗೆ ಬೇಕಾಗಿದ್ದ ಮಾತು. ಕೆರೆಯ ಕಡೆಯ ತುದಿಯನ್ನು ಇಲ್ಲಿಂದ ಮುಚ್ಚಬಹುದು, ಇಲ್ಲಿಂದ ತೆರೆಯಲು ಆಗುವುದಿಲ್ಲ. ಯಾವ ದಾರಿಯಲ್ಲಿ ಕಮಾಂಡ್ ಹೋಗಬೇಕೋ ಆ ದಾರಿಯನ್ನೇ ಮುಚ್ಚಿದ ಮೇಲೆ ತೆರೆ ಎಂದು ಹೇಳುವುದು ಯಾರಿಗೆ? ಕೂತ ಕೊಂಬೆಯನ್ನೇ ಕಡಿದುಕೊಳ್ಳುವ ಕೆಲಸ ಅದು. ಈ ವೃತ್ತಿಗೆ ಬಂದ ಪ್ರತಿಯೊಬ್ಬನೂ ಒಮ್ಮೆ ಹಾಗೆ ಮಾಡಿಕೊಂಡು, ಕುದುರೆ ಹತ್ತಿ ಇಡೀ ದಿನ ಬೆಟ್ಟ ಏರಿ ಕೈಯಾರೆ ತೆರೆದು ಬಂದಿರುತ್ತಾನೆ. ಅದಾದ ಮೇಲೆ ಅವನಿಗೆ ಬುದ್ಧಿ ಬರುತ್ತದೆ. ಮುಚ್ಚುವ ಮೊದಲು ಆ ತುದಿಯ ಕಂಪ್ಯೂಟರಿಗೆ ಒಂದು ಸಾಲು ಹೇಳಿಟ್ಟಿರುತ್ತಾನೆ: ಇನ್ನು ಅರ್ಧ ಗಂಟೆಗೆ, ಏನೇ ಆಗಲಿ, ನೀನೇ ತೆರೆದುಕೋ. ದಾರಿ ಮುಚ್ಚಿಹೋಗದೆ ಕೆಲಸ ಸುಸೂತ್ರವಾದರೆ ಆ ಸಾಲನ್ನು ರದ್ದು ಮಾಡಿದರಾಯಿತು.

"ಅವತ್ತು ಯಾರೂ ತೆರೆದಿಲ್ಲ," ಎಂದ ತೊಲೊಗೊನ್. "ಮೇಲಿನ ಕಂಪ್ಯೂಟರ್ ನೋಡಿದೀನಿ. ತಾನಾಗಿ ತೆರ್ಕೊಂಡಿದೆ. ತೆರ್ಕೊಂಡ ತಕ್ಷಣ ಕೆರೆ ಬರಿದಾಗಿರೋದು ಹೇಳ್ತು. ಸೈರನ್ ಕೂಗ್ತು. ಆ ಹೊತ್ತಿಗೆ ನನ್ನೋಳು..."

ಬುರುಲ್ ಮುದುಕನ ಭುಜದ ಮೇಲೆ ಕೈಯಿಟ್ಟಳು. ಪೋಲೀಸಿನವಳೆಂದರೆ ಕಲ್ಲೇನೂ ಅಲ್ಲವಲ್ಲ.

ಮೆದೆರನಿಗೆ ಈ ಪದ್ಧತಿ ಗೊತ್ತಿಲ್ಲ ಎನ್ನುವುದಕ್ಕೆ ಅವನ ಸುಳ್ಳೇ ಸಾಕ್ಷಿ. ಗೊತ್ತಿದ್ದವನು ಆಫೀಸಿಗೆ ಓಡಿಹೋಗಿ ತೆರೆದೆ ಎಂದು ಹೇಳುತ್ತಲೇ ಇರಲಿಲ್ಲ. ಮುದುಕನೂ ಅದನ್ನೇ ಹೇಳಿದ, ಅಳಿಯ ಕೀಬೋರ್ಡ್ ಮುಂದೆ ಕೂತರೆ ಬೆವರುತ್ತಾನೆ ಎಂದು.

ಹಾಗಾದರೆ ಮುಚ್ಚಿದವನಿಗೆ ಬೇಕಾಗಿದ್ದದ್ದು ಬರೀ ಅರ್ಧ ಗಂಟೆಯ ಮೌನ. ಯಾರನ್ನೂ ಕೊಲ್ಲುವ ಉದ್ದೇಶ ಅವನಿಗಿರಲಿಲ್ಲ. ಏಕೆ ಬೇಕಾಗಿತ್ತು ಎಂದು ಹುಡುಕಲು ಬುರುಲ್ ದೂರ ಹೋಗಬೇಕಾಗಿರಲಿಲ್ಲ. ಮದುವೆಯ ಹಿಂದಿನ ದಿನ ಕುದುರೆಗಳು ಅಭ್ಯಾಸಕ್ಕಿಳಿದಾಗ ಗಾಳಿಗೆ ಸೈರನ್ ಕೂಗಿ, ಕುದುರೆಗಳು ಬೆದರಿ, ಒಬ್ಬ ಸವಾರನ ಕಾಲು ಮುರಿದಿತ್ತು. ಮರುದಿನದ ಆಟಕ್ಕೆ ದೊಡ್ಡವರೆಲ್ಲ ಬಂದಿದ್ದರು. ಮದುಮಗಳ ಸೋದರಮಾವ, ಜಿಲ್ಲಾ ಪೋಲೀಸಿನ ಕರ್ನಲ್ ಎಶಿಮೊವ್, ತನ್ನ ಕುದುರೆಯನ್ನೇ ಆಟಕ್ಕೆ ಇಳಿಸಿದ್ದ. ಆಟ ಕೆಡಬಾರದು, ಮಾನ ಹೋಗಬಾರದು. ಇಷ್ಟಕ್ಕೇ ಯಾರೋ ಯಾರಿಗೋ ಹೇಳಿದ್ದಾರೆ, ಇನ್ನೊಬ್ಬ ಮಾಡಿದ್ದಾನೆ.

"ನಿಮ್ಮ ಹತ್ರ ಇದನ್ನ ಕಲಿತೋರು ಯಾರ್ಯಾರು, ಅಕ್ಸಕಾಲ್?"

"ಚಳಿಗಾಲದಲ್ಲಿ ಸ್ಕೂಲಲ್ಲಿ ಪಾಠ ಹೇಳ್ತಿದ್ದೆ. ಬಂದೋರು ಬಹಳ ಜನ. ಮನಸಿಟ್ಟು ಕಲಿತೋರು ಕಮ್ಮಿ." ಮುದುಕ ತಲೆಯಾಡಿಸಿದ. "ಹೆಸರು ಕೇಳ್ಬೇಡ. ಕಣ್ಣಲ್ಲಿ ಕಂಡಿಲ್ಲ ನಾನು. ಕಾಣದೇ ಇರೋದನ್ನ ಹೇಳಿದ್ರೆ ಇನ್ನೊಂದು ಮನೆ ಮುಳುಗುತ್ತೆ."

ಎಷ್ಟು ಬೇಡಿದರೂ ಅವನು ಅದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ಬುರುಲ್ ಸಿಟ್ಟಿನಿಂದಲೇ ಹೊರಗೆ ಬಂದಳು.

ಠಾಣೆಗೆ ಮರಳುವ ಹೊತ್ತಿಗೆ ಬಿಸಿಲು ಬೆಟ್ಟದ ನೆತ್ತಿಗೆ ಸರಿದಿತ್ತು. ವ್ಯಾನು ಕಣಿವೆಯ ಬಾಯಿಗೆ ಬಂದಿದೆಯಂತೆ ಎಂದು ಕಾವಲಿನವನು ಹೇಳಿದ. ಬುರುಲ್ ಒಳಕೋಣೆಯಲ್ಲಿ ಅತ್ತಿಂದಿತ್ತ ಅಡ್ಡಾಡಿದಳು. ಒಂದು ರಾತ್ರಿ ಸಿಕ್ಕರೆ ಸಾಕು, ಮುದುಕನ ಶಿಷ್ಯರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಕೇಳಬಹುದು. ಆ ರಾತ್ರಿಯನ್ನು ತರುವುದು ಎಲ್ಲಿಂದ?

ಕೈದಿಯನ್ನು ಒಪ್ಪಿಸಲು ಸಹಿಯಾದ ಆದೇಶ ಬೇಕು. ಅದು ಬರುವುದು ಉಪಗ್ರಹದ ಲಿಂಕಿನಿಂದ ಠಾಣೆಯ ಕಂಪ್ಯೂಟರಿಗೆ. ಇನ್ನೂ ಬಂದಿರಲಿಲ್ಲ. ಮೊಬೈಲಿನ ಗೋಪುರ ಪ್ರವಾಹದಲ್ಲೇ ಉರುಳಿತ್ತು, ಫೋನೂ ಇದೇ ಉಪಗ್ರಹದ ಲಿಂಕಿನ ಮೇಲೆ ನಡೆಯುತ್ತಿತ್ತು. ಆ ಒಂದು ಲಿಂಕ್ ಇಲ್ಲದಿದ್ದರೆ ಆದೇಶವೂ ಇಲ್ಲ, ವ್ಯಾನಿನವನು ಬರಿಗೈಯಲ್ಲಿ ಹೋಗಬೇಕು. ನೌಕರಿಗೆ ಕುತ್ತು ಬರಬಹುದು. ಬರಲಿ, ಏನು ಕೊಳ್ಳೆ ಹೋಗುತ್ತದೆ?

"ಕುತ್ಮಾನ್, ಲಿಂಕ್ ಮುಚ್ಚು. ಬೆಳಗಾಗೋ ತನಕ ತೆರೀಬೇಡ."

ಅವನು ಬೆಚ್ಚಿ ತಲೆಯೆತ್ತಿದ. "ಕೇಂದ್ರದೋರು ಕೇಳಿದ್ರೆ, ಎಜೆ?"

"ಕೆಟ್ಟೋಗಿತ್ತು ಅಂತೀನಿ. ಬೈಸ್ಕೊಳೋಳು ನಾನು, ನಿನಗೇನು? ಮುಚ್ಚು."

ಕುತ್ಮಾನ್ ಕುರ್ಚಿ ಎಳೆದುಕೊಂಡು ಕೂತ. ಬುರುಲ್ ಅವನ ಬೆನ್ನ ಹಿಂದೆ ನಿಂತಳು. ದಣಿದ ಮುಖ, ಕೆಂಪಾದ ಕಣ್ಣು, ಆದರೆ ಬೆರಳುಗಳು ಮಾತ್ರ ಚುರುಕು. ಒಂದು ಸಾಲು ಟೈಪ್ ಮಾಡಿದ, ಒತ್ತಿದ. ಇನ್ನೊಂದು ಸಾಲು ಟೈಪ್ ಮಾಡಿದ, ಒತ್ತಿದ. ಗೋಡೆಯ ಪೆಟ್ಟಿಗೆಯ ಮೇಲಿನ ಹಸಿರು ದೀಪ ಆರಿತು.

"ಮುಚ್ಚಿದ್ದು ಎರಡನೇ ಸಾಲು," ಎಂದಳು ಬುರುಲ್. ಬಾಯಿಗೆ ಬಂದದ್ದನ್ನು ಹೇಳಿದ್ದಳು, ಅಷ್ಟೆ. "ಮೊದಲನೇದು ಏನು?"

"ಅದಾ? ಅರ್ಧ ಗಂಟೆಗೆ ತಾನಾಗಿ ತೆರ್ಕೊಳ್ಳಕ್ಕೆ. ಅಭ್ಯಾಸ, ಎ..."

ಎಜೆ ಎನ್ನುವ ಮಾತು ಅವನ ಬಾಯಲ್ಲೇ ಉಳಿಯಿತು. ಕೈಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು.

ಬುರುಲ್ ಮೇಜಿನ ಅಂಚು ಹಿಡಿದುಕೊಂಡಳು. ಬೇಡ, ಇವನಾಗುವುದು ಬೇಡ ಎಂದು ಒಳಗೊಳಗೇ ಬೇಡಿಕೊಂಡಳು. ಕೇಳಬೇಕಾದ್ದನ್ನು ಕೇಳದೆ ಬಿಡುವಂತೆಯೂ ಇರಲಿಲ್ಲ.

"ಕಂಪ್ಯೂಟರ್ ನಿನ್ನ ಮುಂದೇನೇ ಇದೆ. ಕೈ ಚಾಚಿದ್ರೆ ಯಾವಾಗ ಬೇಕಾದ್ರೂ ತೆರೀಬಹುದು. ಬೆಳಗಿನ ತನಕ ಮುಚ್ಚಿರು ಅಂತ ಬೇರೆ ಹೇಳಿದೀನಿ. ಅರ್ಧ ಗಂಟೆ ಯಾಕೆ ಬಂತು, ಕುತ್ಮಾನ್?"

ಗೋಡೆಯಾಚೆ ಲಾಕಪ್ಪಿನಲ್ಲಿ ಮೆದೆರ್ ಕೆಮ್ಮಿದ್ದು ಇಬ್ಬರಿಗೂ ಕೇಳಿಸಿತು.

"ಅಕ್ಸಕಾಲ್ ಹತ್ರ ನೀನೂ ಕಲಿತಿದ್ಯಾ?"

"ಎರಡು ಚಳಿಗಾಲ."

"ನನಗೆ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

"ಇಲ್ಲಿಂದ್ಲೇ ಮುಚ್ಚಿದ್ಯಾ? ಇದೇ ಕುರ್ಚಿ ಮೇಲೆ ಕೂತು?"

ಕುತ್ಮಾನ್ ಹೌದೆಂದು ತಲೆಯಾಡಿಸಿದ. ಆಮೇಲೆ ಮಾತು ತಾನಾಗಿ ಹೊರಬಿತ್ತು, ಅಳು ಬೆರೆಯದ ಒಣ ದನಿಯಲ್ಲಿ. ಆಟ ಮುಗಿಯುವ ತನಕ, ಅಷ್ಟೇ ಎಂದಿದ್ದರಂತೆ. ವರ್ಷವಿಡೀ ಸುಳ್ಳೇ ಕೂಗುವ ಸೈರನ್, ಅರ್ಧ ಗಂಟೆ ಸುಮ್ಮನಿದ್ದರೆ ಏನಾದೀತು ಎಂದು ತಾನೂ ಅಂದುಕೊಂಡನಂತೆ. ಮುಚ್ಚಿ, ಠಾಣೆಗೆ ಬೀಗ ಹಾಕಿ, ತಾನೂ ಆಟ ನೋಡಲು ಹೋದನಂತೆ. ನೀರಿನ ಸದ್ದು ಕೇಳಿದಾಗ ಎಲ್ಲರೂ ಚಪ್ಪಾಳೆಯ ಸದ್ದೆಂದುಕೊಂಡರಂತೆ.

"ನಿನ್ನ ಅತ್ತಿಗೆ ಕೆಳಬೀದೀಲಿದ್ಲು ಅಂತ ಗೊತ್ತಿತ್ತಾ ನಿನಗೆ?"

"ಬೆಳಿಗ್ಗೆ ನಾನೇ ಜೀಪಲ್ಲಿ ಬಿಟ್ಟು ಬಂದಿದ್ದೆ, ಎಜೆ. ಹಿಟ್ಟಿನ ಮೂಟೆ ಇಳಿಸಿಕೊಟ್ಟೆ. ಬಿಸಿದು ಒಂದು ತಿಂದು ಹೋಗೋ ಅಂದ್ಲು. ಟೈಮಿಲ್ಲ ಅಂದೆ."

ಬುರುಲ್ ಅಲ್ಲೇ ಬೆಂಚಿನ ಮೇಲೆ ಕೂತಳು. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ತಲೆ ನೇವರಿಸಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಾಗಲಿಲ್ಲ. "ಅಲ್ಲಯ್ಯಾ, ಅವನು ನಿನ್ನ ತಪ್ಪಿಗೆ ಒಳಗೆ ಕೂತಿದಾನೆ, ನೀನು ದಿನಾ ಅವನಿಗೆ ಚಹಾ ತಗೊಂಡು ಹೋಗಿ ಕೊಡ್ತಿದ್ದೆ. ಹೇಗಯ್ಯಾ ಕೊಟ್ಟೆ?"

"ಹೇಳ್ಬೇಕು ಅಂತಲೇ ದಿನಾ ಬರ್ತಿದ್ದೆ," ಎಂದ ಕುತ್ಮಾನ್.

"ಮುಚ್ಚು ಅಂತ ಹೇಳಿದ್ದು ಯಾರು?"

ಅವನು ಬಾಗಿಲ ಕಡೆ ನೋಡಿದ. ಹೊರಗೆ ದಾರಿಯ ಕೆಸರಿನಲ್ಲಿ ಭಾರದ ಗಾಡಿಯೊಂದು ಗೇರು ಬದಲಿಸಿಕೊಂಡು ಹತ್ತಿ ಬರುತ್ತಿತ್ತು.

ವ್ಯಾನು! ಈಗ ಬುರುಲ್‌ಗೆ ಬೇಕಾದದ್ದೇ ಬೇರೆ. ಈ ಮಾತು ಈಗಿಂದೀಗ ರಾಜಧಾನಿಯ ಪ್ರಾಸಿಕ್ಯೂಟರ್ ಕಿವಿಗೆ ಬೀಳಬೇಕು. ಮೆದೆರನನ್ನು ಒಯ್ಯುವ ಮೊದಲು ಕುತ್ಮಾನನ ಹೇಳಿಕೆ ಊರು ದಾಟಿರಬೇಕು. ಇಲ್ಲವಾದರೆ ಈ ಠಾಣೆಯೊಳಗೆ ಆಡಿದ ಮಾತು ಇಲ್ಲೇ ಹೂತುಹೋಗುತ್ತದೆ.

"ಲಿಂಕ್ ತೆರಿ," ಎಂದಳು ಏದುಸಿರಿನಲ್ಲಿ. "ಬೇಗ."

ಕುತ್ಮಾನ್ ಟೈಪ್ ಮಾಡಿದ. ಒಂದೇ ಒಂದು ಸಾಲು. ಅವಳು ಗೋಡೆಯ ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. ದೀಪ ಹತ್ತಲಿಲ್ಲ.

"ತೆರೆದ್ಯಾ?"

"ಇಲ್ಲ, ಎಜೆ. ಅರ್ಧ ಗಂಟೆಗೆ ತಾನಾಗಿ ತೆರ್ಕೊಳ್ಳೋದಿತ್ತಲ್ಲ, ಅದನ್ನ ರದ್ದು ಮಾಡ್ದೆ." ಅವನು ಕುರ್ಚಿಯಿಂದ ಎದ್ದ. "ಈಗ ಇಲ್ಲಿಂದ ಯಾರೂ ಯಾರಿಗೂ ಫೋನ್ ಮಾಡಕ್ಕಾಗಲ್ಲ. ನಾವೂ ಅಷ್ಟೇ, ಅವರೂ ಅಷ್ಟೇ. ಲಿಂಕ್ ಇದ್ರೆ ನಿಮ್ಮ ಮಾತಿಗಿಂತ ಮೊದಲು ಅವರ ಫೋನು ರಾಜಧಾನಿ ಮುಟ್ಟುತ್ತೆ."

"ಅವರು ಅಂದ್ರೆ ಯಾರು?"

ಬಾಗಿಲು ತೆರೆದುಕೊಂಡಿತು. ಒಳಗೆ ಬಂದವನು ವ್ಯಾನಿನ ಡ್ರೈವರನಲ್ಲ. ಬೂಟಿನ ಕೆಸರನ್ನು ಹೊಸ್ತಿಲಿಗೆ ಒರೆಸಿಕೊಳ್ಳುತ್ತ, ಮಡಿಸಿದ ಆದೇಶವನ್ನು ಜೇಬಿನಿಂದ ತೆಗೆಯುತ್ತ, ಕರ್ನಲ್ ಎಶಿಮೊವ್ ತಾನೇ ಬಂದಿದ್ದ. ಬುರುಲ್‌ಗೆ ವಂದನೆ ಹೇಳಿದ, ಕಣಿವೆಯ ಬಾಯಿ ದಾಟುವಾಗ ಕರೆದರೂ ಠಾಣೆಯವರು ಫೋನು ತೆಗೆಯಲಿಲ್ಲವೆಂದು ನಗುನಗುತ್ತಲೇ ಆಕ್ಷೇಪಿಸಿದ. ನಿಮಗೆ ತೊಂದರೆ ಯಾಕೆಂದು ಕಾಗದ ಕೈಯಲ್ಲೇ ತಂದೆ ಎಂದ.

"ಎಲ್ಲಿ ನಮ್ಮ ಕೈದಿ? ಕತ್ತಲಾಗೋದ್ರೊಳಗೆ ಕಣಿವೆ ದಾಟ್ಬೇಕು."

ಕುತ್ಮಾನ್ ಬುರುಲ್‌ಳ ಪಕ್ಕದಿಂದ ಮುಂದೆ ಸರಿದು ಅವನೆದುರು ನಿಂತ. ಸೊಂಟದ ಪಿಸ್ತೂಲು ಬಿಚ್ಚಿ ಮೇಜಿನ ಮೇಲೆ ಬುರುಲ್‌ಳ ಕಡೆಗೆ ತಳ್ಳಿದ.

"ಇಲ್ಲೇ ಇದೀನಿ, ಕರ್ನಲ್ ಸಾಹೇಬ್ರೇ. ಎಜೆಗೆ ಎಲ್ಲಾ ಹೇಳ್ಬಿಟ್ಟೆ. ಮುಚ್ಚು ಅಂದೋರು ಯಾರು ಅನ್ನೋದೊಂದು ಉಳ್ಕೊಂಡಿದೆ. ನೀವೇ ಹೇಳ್ತೀರಾ, ನಾನೇ ಹೇಳ್ಲಾ?"

ಎಶಿಮೊವ್‌ನ ಮುಖದಲ್ಲಿ ನಗೆ ಹಾಗೇ ಇತ್ತು. ಅವನು ಕುತ್ಮಾನನನ್ನು ನೋಡಿದ, ಗೋಡೆಯ ಮೇಲೆ ಆರಿಹೋದ ದೀಪವನ್ನು ನೋಡಿದ. ಲಿಂಕ್ ಎಷ್ಟು ಹೊತ್ತಿನಿಂದ ಇಲ್ಲ, ಊರಾಚೆ ಯಾರಿಗಾದರೂ ಏನಾದರೂ ಹೋಗಿದೆಯೇ ಎಂದು ಬುರುಲ್‌ಳನ್ನು ಮೆಲ್ಲಗೆ ಕೇಳಿದ. ಅವಳು ಉತ್ತರ ಕೊಡಲಿಲ್ಲ. ಕೊಡದಿದ್ದದ್ದೇ ಅವನಿಗೆ ಉತ್ತರವಾಯಿತು.

ಹೊರಗಿದ್ದ ಡ್ರೈವರನಿಗೆ ಮೆಟ್ಟಿಲ ಮೇಲಿನ ಹೆಂಗಸನ್ನು ದೂರ ಕರೆದುಕೊಂಡು ಹೋಗು ಎಂದು ಕೂಗಿ ಹೇಳಿ, ಕರ್ನಲ್ ಬಾಗಿಲನ್ನು ಒಳಗಿನಿಂದ ಮುಚ್ಚಿ ಚಿಲಕ ಹಾಕಿದ.